ಹಿಪ್ಪೆ ಹಸುವಿಗೆ, ರಸ ಮಗಳಿಗೆ

ನನ್ನ ಮೊಮ್ಮಗಳಿಗೆ ಈಗ ಆರೂವರೆ ತಿಂಗಳು. ಕೆಳಗೆ ಎರಡು ಹಲ್ಲು ಬಂದಿವೆ, ಅಕ್ಕಿಕಾಳಿನಷ್ಟು. ಅಂಗಡಿಗೆ ಬಂದವರಿಗೆಲ್ಲ ಆ ಹಲ್ಲಿನ ಸುದ್ದಿ ಹೇಳಿದ್ದಾಯಿತು. ನಮ್ಮೂರು ಪೆರೇಸಂದ್ರದಲ್ಲಿ ಇಳಿಯದೆ ಬಸ್ಸಿನಲ್ಲೇ ಕೂತಿದ್ದ ಒಬ್ಬರಿಗೆ ಕಿಟಕಿ ಹತ್ತಿರ ಹೋಗಿಯೂ ಹೇಳಿದೆ. ಅವರು ಯಾರೋ, ನಾನು ಯಾರೋ. ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. ಚಚ್ಚಿಕೊಳ್ಳಲಿ. ಏಳು ವರ್ಷ ಕಾದು ಪಡೆದ ಮಗು ಅದು.

ಆದರೆ ನಾನು ಬರೆಯಲು ಕೂತದ್ದು ಹಲ್ಲಿನ ವಿಚಾರಕ್ಕಲ್ಲ. ಆ ಮಗು ಹುಟ್ಟುವ ಮುಂಚಿನ ಹತ್ತು ವಾರದ ವಿಚಾರಕ್ಕೆ. ಹತ್ತೊಂಬತ್ತು ವರ್ಷದಿಂದ ನಾನು ಹೆದ್ದಾರಿ ಪಕ್ಕದಲ್ಲಿ ಜ್ಯೂಸಿನ ಅಂಗಡಿ ಇಟ್ಟುಕೊಂಡಿದ್ದೇನೆ. ಹತ್ತೊಂಬತ್ತು ವರ್ಷ ಮಾಡಿದ ಕೆಲಸವನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ ಅಂತ ಗೊತ್ತಾದದ್ದು ಆ ಹತ್ತು ವಾರದಲ್ಲಿ. ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಇಲ್ಲಿ ಅಕ್ಷರ ತಿದ್ದಿದವಳು ಮಗಳು. ಮಾತು ನನ್ನದೇ, ಅದನ್ನು ತಿದ್ದಲು ಬಿಟ್ಟಿಲ್ಲ.

ನಮ್ಮ ಕಡೆ ನೀಲಿ ದ್ರಾಕ್ಷಿ ಬೆಳೆಯುತ್ತಾರೆ. ದಪ್ಪ ಸಿಪ್ಪೆ, ಒಳಗೆ ಬೀಜ, ಹುಳಿ ಸೇರಿದ ಸಿಹಿ. ಅದರ ಜ್ಯೂಸಿಗೆ ಒಂದು ಹದ ಇದೆ. ಹಣ್ಣನ್ನು ಉಪ್ಪುನೀರಿನಲ್ಲಿ ನೆನೆಸಿ ತೊಳೆಯಬೇಕು, ತೊಟ್ಟು ಬಿಡಿಸಬೇಕು. ಮಿಕ್ಸಿ ಒತ್ತಿ ಬಿಡಬೇಕು, ಒತ್ತಿ ಬಿಡಬೇಕು, ಮೂರೇ ಸಲ. ನಾಲ್ಕನೇ ಸಲ ಒತ್ತಿದರೆ ಬೀಜ ಒಡೆದು ಒಗರು ಇಳಿಯುತ್ತದೆ. ಆಮೇಲೆ ಜರಡಿಯಲ್ಲಿ ಒಂದು ಸಲ, ಹಳೇ ಪಂಚೆ ಬಟ್ಟೆಯಲ್ಲಿ ಇನ್ನೊಂದು ಸಲ ಸೋಸಬೇಕು. ಬಟ್ಟೆಯನ್ನು ಹಿಂಡಬಾರದು, ಗೂಟಕ್ಕೆ ತೂಗುಹಾಕಿ ತಾನಾಗಿ ಇಳಿಯಲು ಬಿಡಬೇಕು. ಗ್ಲಾಸನ್ನು ಬಿಸಿಲಿಗೆ ಹಿಡಿದರೆ ಆಚೆ ಕಡೆಯ ಬೆರಳು ಕೆಂಪಗೆ ಕಾಣಬೇಕು. ಹಾಗೆ ಕಂಡರೇ ಅದು ನನ್ನ ಜ್ಯೂಸು. ಬಟ್ಟೆಯಲ್ಲಿ ಉಳಿದ ಹಿಪ್ಪೆಯನ್ನು ಬಕೆಟ್ಟಿಗೆ ಹಾಕಿಡುತ್ತಿದ್ದೆ. ಹಿಂದಿನ ಬೀದಿಯಲ್ಲಿ ಹಸು ಸಾಕಿರುವ ಒಬ್ಬ ಹೆಂಗಸು ದಿನಾ ಸಂಜೆ ಬಂದು ಅದನ್ನು ಹೊತ್ತುಕೊಂಡು ಹೋಗುತ್ತಿದ್ದಳು.

ಅಂಗಡಿ ಮುಂದೆ ಒಂದು ಬೋರ್ಡು. ಅದರ ಕೊನೇ ಸಾಲು ನಾನೇ ಹೇಳಿ ಬರೆಸಿದ್ದು: "ಸಕ್ಕರೆ ಹಾಕದ ಜ್ಯೂಸ್ ಸಿಗುತ್ತದೆ. ಶುಗರ್ ಇರುವವರೂ ಕುಡಿಯಬಹುದು." ಆ ಸಾಲಿನ ಮೇಲೆ ನನಗೆ ಬಹಳ ಅಭಿಮಾನ ಇತ್ತು.

ಮಗಳನ್ನು ಕೊಟ್ಟಿರುವುದು ಗೌರಿಬಿದನೂರಿಗೆ. ಅಳಿಯ ಅಲ್ಲೇ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಮದುವೆಯಾಗಿ ನಾಲ್ಕನೇ ವರ್ಷ ಒಂದು ಸಲ ಬಸಿರು ನಿಂತಿತ್ತು, ಐದನೇ ತಿಂಗಳಲ್ಲಿ ಹೋಯಿತು. ಅದಾದ ಮೇಲೆ ಇದು. ಏಳನೇ ತಿಂಗಳು ಬೀಳುತ್ತಲೇ ಬಾಣಂತನಕ್ಕೆ ಕರೆದುಕೊಂಡು ಬಂದೆವು. ಬಂದ ವಾರವೇ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ರಕ್ತ ಕಮ್ಮಿ ಇದೆ ಅಂದರು, ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ರಕ್ತ ಕಮ್ಮಿ ಅಂದರೆ ನಮ್ಮ ಕಡೆ ಯಾರನ್ನು ಕೇಳಿದರೂ ಒಂದೇ ಮಾತು, ನೀಲಿ ದ್ರಾಕ್ಷಿ ರಸ. ಬಣ್ಣ ನೋಡಿದರೇ ರಕ್ತ ಇದ್ದಂಗೆ ಇದೆ. ನಾನಂತೂ ಅದೇ ಕೆಲಸದವನು. ಮಾರನೇ ದಿನದಿಂದ ಬೆಳಿಗ್ಗೆ ಒಂದು ದೊಡ್ಡ ಗ್ಲಾಸು, ಸಂಜೆ ಒಂದು ದೊಡ್ಡ ಗ್ಲಾಸು. ಅಂಗಡಿಯ ಮೊದಲನೇ ಗ್ಲಾಸು ಅವಳಿಗೆ, ಆಮೇಲೆ ಗಿರಾಕಿಗೆ. ಮೂರನೇ ಸಲವೂ ಸೋಸಿ ಕೊಡುತ್ತಿದ್ದೆ, ಗಂಟಲಿಗೆ ಏನೂ ತಾಗಬಾರದು ಅಂತ.

"ಅಪ್ಪ, ಇಷ್ಟೊಂದಾ?"

"ಕುಡಿಯಮ್ಮ ತಾಯಿ. ನಿಂಗೊಂದು ಪಾಲು, ಒಳಗಿರೋದಕ್ಕೆ ಒಂದು ಪಾಲು."

ಹತ್ತು ದಿನ ಆದ ಮೇಲೆ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸಿ ರಕ್ತ ತೆಗೆದರು. ಬಸಿರಿನಲ್ಲಿ ಬರುವ ಶುಗರ್ ಅಂದರು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು, ಇದು ಬಹಳ ಜನಕ್ಕೆ ಬರುತ್ತೆ, ಊಟದಲ್ಲಿ ಹಿಡಿತ ಇದ್ದರೆ ಎಷ್ಟೋ ಸಲ ಅಷ್ಟರಲ್ಲೇ ನಿಲ್ಲುತ್ತೆ, ಬಿಟ್ಟರೆ ಮಗು ವಿಪರೀತ ದಪ್ಪ ಆಗುತ್ತೆ, ಹೆರಿಗೆ ಕಷ್ಟ ಆಗುತ್ತೆ, ಹುಟ್ಟಿದ ತಕ್ಷಣ ಮಗುವಿನ ಶುಗರ್ ದಿಢೀರನೆ ಬೀಳಬಹುದು. ಒಂದು ನೋಟುಪುಸ್ತಕದಲ್ಲಿ ತಿಂದದ್ದನ್ನೆಲ್ಲ ಬರೆಯಬೇಕು. ಬೆರಳು ಚುಚ್ಚಿ ನೋಡುವ ಮಿಷನ್ ತಗೊಳ್ಳಬೇಕು. ಊಟ ಆಗಿ ಎರಡು ಗಂಟೆಗೆ ನೋಡಿದರೆ ನೂರಿಪ್ಪತ್ತರ ಒಳಗೆ ಇರಬೇಕು.

ಅವತ್ತಿನಿಂದ ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬ ಅಟ್ಟ ಸೇರಿತು. ಬೆಲ್ಲವೂ. ಅನ್ನ ಒಂದು ಹಿಡಿಗೆ ಇಳಿಯಿತು. ಚಿಕ್ಕ ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಮೊಳಕೆ ಹುರುಳಿ. ನನ್ನ ಹೆಂಡತಿ ತೂಕ ಮಾಡಿದಂತೆ ಬಡಿಸುತ್ತಿದ್ದಳು. ಮಗಳು ದುಂಡಗೆ ಅಕ್ಷರ ಬರೆದು ಪುಸ್ತಕ ತುಂಬಿಸಿದಳು. ಬೆರಳು ಚುಚ್ಚಿ ಬಂದ ನಂಬರನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದೆ. ನೂರ ಅರವತ್ತೆಂಟು. ನೂರ ಎಪ್ಪತ್ತನಾಲ್ಕು. ನೂರ ಎಪ್ಪತ್ತು.

ಜ್ಯೂಸು ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ನಾನು ಒಂದು ಚಮಚ ಸಕ್ಕರೆಯನ್ನೂ ಹಾಕುತ್ತಿರಲಿಲ್ಲ. ಬೋರ್ಡಿನಲ್ಲೇ ಬರೆದಿದ್ದೇನಲ್ಲ.

ಎರಡು ವಾರ ಆದ ಮೇಲೆ ಡಾಕ್ಟರಮ್ಮ ಪುಸ್ತಕವನ್ನು ಮೊದಲಿಂದ ಕೊನೇವರೆಗೆ ಓದಿದರು. ಸ್ಕ್ಯಾನಿಂಗ್ ಹಾಳೆ ನೋಡಿದರು. ಮಗುವಿನ ಹೊಟ್ಟೆಯ ಅಳತೆ ಇರಬೇಕಾದ್ದಕ್ಕಿಂತ ಮುಂದೆ ಹೋಗುತ್ತಿದೆ ಅಂದರು.

"ಇಷ್ಟು ಚೆನ್ನಾಗಿ ಪಥ್ಯ ಮಾಡಿದೀರಿ. ಆದ್ರೂ ಇಳೀತಿಲ್ಲ ಅಂದ್ರೆ ಹೇಗೆ? ಇದು ಬಿಟ್ಟು ಬೇರೆ ಏನಾದ್ರೂ ತಗೋತಿದೀರಾ?"

ಮಗಳು ನನ್ನ ಮುಖ ನೋಡಿದಳು. ನಾನೇ ಬಾಯಿ ಹಾಕಿದೆ.

"ಏನೂ ಇಲ್ಲ ಡಾಕ್ಟ್ರಮ್ಮ. ಬಾಯಿಗೆ ಸಕ್ಕರೆ ಸೋಕ್ಸಿಲ್ಲ."

ಅದು ಸುಳ್ಳು ಅಂತ ನನಗೆ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಊಟ ಅಂದರೆ ಊಟ, ತಿಂಡಿ ಅಂದರೆ ತಿಂಡಿ. ಜ್ಯೂಸು ಅಂದರೆ ನೀರಿನ ಜಾತಿ. ನೀರು ಕುಡಿದದ್ದನ್ನು ಯಾರಾದರೂ ಪುಸ್ತಕದಲ್ಲಿ ಬರೆಯುತ್ತಾರಾ?

"ಇನ್ನೊಂದು ವಾರ ನೋಡೋಣ," ಅಂದರು ಡಾಕ್ಟರಮ್ಮ. "ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡ್ತೀನಿ."

ಬಸ್ಸಿನಲ್ಲಿ ಬರುವಾಗ ಮಗಳು ಕಿಟಕಿ ಕಡೆ ತಿರುಗಿ ಕೂತಿದ್ದಳು. ಊರು ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು. "ಈ ಸಲಾನೂ ನನ್ನ ಮೈಯೇ ಅದಕ್ಕೆ ಶತ್ರು ಆಗ್ತಾ ಇದೆಯಾ ಅಪ್ಪ?" ಮನೆಗೆ ಬಂದು, ಬಿಸಿಲಲ್ಲಿ ಬಳಲಿ ಬಂದಿದ್ದಾಳೆ ಅಂತ, ಒಂದು ಗ್ಲಾಸು ದ್ರಾಕ್ಷಿ ಜ್ಯೂಸು ಮಾಡಿಕೊಟ್ಟೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಕೈಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತೆ.

ಮಾರನೇ ದಿನ ಅಳಿಯ ಫೋನ್ ಮಾಡಿದ. ಅವನಿಗೆ ಕೆಲಸದಲ್ಲಿ ಯಾರೋ ಒಂದು ವಿಡಿಯೋ ತೋರಿಸಿದ್ದರಂತೆ.

"ಮಾವ, ಜ್ಯೂಸ್ ನಿಲ್ಸಿ. ಸ್ಮೂದಿ ಮಾಡ್ಕೊಡಿ. ಸೋಸಬಾರ್ದಂತೆ, ಹಣ್ಣು ಹಣ್ಣಾಗೇ ರುಬ್ಬಬೇಕಂತೆ. ಅದರಲ್ಲಿ ನಾರು ಇರುತ್ತೆ, ಶುಗರ್ ಏರಲ್ವಂತೆ."

"ಸೋಸದೇ ಇದ್ರೆ ಅದೇನು ಜ್ಯೂಸಪ್ಪ? ಗಂಜಿ ಆಗುತ್ತೆ."

"ಗಂಜಿನೇ ಅನ್ಕೊಳಿ ಮಾವ. ಈಗ ಎಲ್ಲಾ ಅದನ್ನೇ ಕುಡಿಯೋದು."

ಜ್ಯೂಸಿನವನಿಗೆ ಸೋಸಬೇಡ ಅನ್ನುವುದು ಅಂದರೆ ಚಮ್ಮಾರನಿಗೆ ಹೊಲಿಯಬೇಡ ಅಂದಂಗೆ. ಆದರೂ ಮಗಳ ವಿಚಾರ. ಮೊದಲು ನೀಲಿ ದ್ರಾಕ್ಷಿಯನ್ನೇ ಪೂರ್ತಿ ರುಬ್ಬಿದೆ. ಬೀಜ ನುರಿದು ನಾಲಿಗೆ ಹಿಡಿದುಕೊಂಡಿತು, ಮಗಳು ಒಂದು ಗುಟುಕಿಗೆ ಮುಖ ಕಿವುಚಿದಳು. ಒಂದೊಂದೇ ಹಣ್ಣು ಸೀಳಿ ಬೀಜ ತೆಗೆದು ಮಾಡಿದೆ. ಒಂದು ಗ್ಲಾಸಿಗೆ ಮುಕ್ಕಾಲು ಗಂಟೆ ಹಿಡಿಯಿತು, ಬೆರಳು ನೀಲಿಯಾಯಿತು. ಬರೀ ಅದು ಕುಡಿಯಲು ಹುಳಿ. ವಿಡಿಯೋದಲ್ಲಿ ಹಾಕಿದಂತೆ ಎರಡು ಬಾಳೆಹಣ್ಣು, ನಾಲ್ಕು ಖರ್ಜೂರ, ಒಂದು ಸಪೋಟ, ಹಾಲು, ಮೇಲೆ ಒಂದು ಚಮಚ ಜೇನು. ಸಕ್ಕರೆ ಅಲ್ಲವಲ್ಲ, ಜೇನು ತಾನೇ! ಈ ಸಲ ಮಗಳು ಗ್ಲಾಸಿನ ತಳದವರೆಗೂ ಕುಡಿದಳು. ನನ್ನ ಹೆಂಡತಿಯೂ ಒಂದು ಗುಟುಕು ನೋಡಿದಳು. "ಪಾಯಸ ಇದ್ದಂಗೆ ಐತೆ ಕಣ್ರೀ," ಅಂದಳು. ಹೊಗಳಿಕೆ ಅಂದುಕೊಂಡೆ.

ಎರಡು ಗಂಟೆ ಬಿಟ್ಟು ಮಗಳು ಬೆರಳು ಚುಚ್ಚಿದಳು. ಇನ್ನೂರ ನಾಲ್ಕು.

ಮಿಷನ್ ಕೆಟ್ಟಿರಬೇಕು ಅಂತ ಇನ್ನೊಂದು ಬೆರಳು ಚುಚ್ಚಿಸಿದೆ. ಇನ್ನೂರ ಒಂದು. ನಾನು ಪೆನ್ಸಿಲ್ ತೆಗೆದುಕೊಂಡು ಕ್ಯಾಲೆಂಡರ್ ಮುಂದೆ ನಿಂತೆ, ಬರೆಯದೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ. ಮಗಳು ಮಿಷನ್ ಅನ್ನು ಡಬ್ಬಿಗೆ ಹಾಕಿಟ್ಟಳು. ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಹಸುವಿನ ಹೆಂಗಸು ಬಕೆಟ್ ಹಿಡಿದು ಅಂಗಡಿಗೆ ಬಂದಳು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅವತ್ತು ಅಂಗಡಿಯನ್ನೇ ಸರಿಯಾಗಿ ತೆಗೆದಿರಲಿಲ್ಲ.

"ಏನಣ್ಣ, ಇವತ್ತು ಬಕೆಟ್ ಖಾಲಿ? ನಮ್ಮ ಲಕ್ಷ್ಮಿ ಬಾಗ್ಲು ಕಾಯ್ತಾ ನಿಂತವ್ಳೆ."

"ಇವತ್ತು ಸೋಸಿಲ್ಲಮ್ಮ."

"ಅಯ್ಯೋ ದೇವ್ರೇ! ನಿನ್ನ ಹಿಪ್ಪೆ ತಿಂದೇ ಅವಳು ಇಷ್ಟು ಮೈಕೈ ತುಂಬ್ಕೊಂಡಿರೋದು. ನಿಂಗೊಂದು ಹೇಳ್ತೀನಿ ಕೇಳು, ಬೇಜಾರ್ ಮಾಡ್ಕೋಬೇಡ. ಹಣ್ಣಿನ ಮೈಯೆಲ್ಲ ನನ್ನ ಹಸುಗೆ ಕೊಡ್ತೀಯ, ಬರೀ ಸಿಹಿನೀರು ಜನಕ್ಕೆ ಕೊಡ್ತೀಯ. ಜನಾನೇ ನಿಂಗೆ ಕೈ ಮುಗಿದು ಹೋಗ್ತಾರೆ. ಎಂಥಾ ಪುಣ್ಯವಂತನಪ್ಪ ನೀನು!"

ಅವಳು ತಮಾಷೆಗೆ ಅಂದಳು. ನನಗೆ ತಮಾಷೆ ಆಗಲಿಲ್ಲ. ಸಿಹಿನೀರು. ಹತ್ತೊಂಬತ್ತು ವರ್ಷ ಹಿಪ್ಪೆ ಹೊತ್ತವಳಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಅವಳು ಹೋದ ಮೇಲೆ ತಕ್ಕಡಿ ತೆಗೆದೆ. ನನಗೆ ಓದು ಕಮ್ಮಿಯಾದರೂ ತೂಕ ಬರುತ್ತೆ. ಮಗಳಿಗೆ ಕೊಡುತ್ತಿದ್ದ ದೊಡ್ಡ ಗ್ಲಾಸನ್ನು ಮುಂದಿಟ್ಟುಕೊಂಡು, ಅದನ್ನು ತುಂಬಲು ಎಷ್ಟು ಹಣ್ಣು ಬೇಕು ಅಂತ ಮೊದಲನೇ ಸಲ ತೂಗಿದೆ. ಅರ್ಧ ಕೆಜಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ದಿನಕ್ಕೆ ಒಂದು ಕೆಜಿ ದ್ರಾಕ್ಷಿಯ ಸಿಹಿ, ಸಿಪ್ಪೆಯೂ ಇಲ್ಲದೆ ತಿರುಳೂ ಇಲ್ಲದೆ, ನೀರಿನಂತೆ ಇಳಿದುಹೋಗಿದೆ.

ಇನ್ನೊಂದು ಅರ್ಧ ಕೆಜಿ ತೂಗಿ ತಟ್ಟೆಗೆ ಹಾಕಿ ಮನೆಗೆ ಒಯ್ದು ಹೆಂಡತಿಯ ಮುಂದಿಟ್ಟೆ.

"ತಿನ್ನು."

"ಏನ್ರೀ ಇದು, ಇಷ್ಟು ಹೊತ್ತಲ್ಲಿ ನನ್ ಮೇಲೆ ಪ್ರೀತಿ?"

"ಪ್ರೀತಿ ಅಲ್ವೇ, ಪರೀಕ್ಷೆ. ಪೂರ್ತಿ ತಿನ್ಬೇಕು."

ಅವಳು ಬೀಜ ಉಗಿಯುತ್ತಾ ತಿನ್ನತೊಡಗಿದಳು. ಮೊದಲ ಹಿಡಿ ಬೇಗ ಹೋಯಿತು. ಎರಡನೇ ಹಿಡಿಗೆ ನಿಧಾನ ಆದಳು. ಮೂರನೇ ಹಿಡಿಗೆ ಕೈ ಹಾಕಿ ಎರಡು ಹಣ್ಣು ಬಾಯಿಗಿಟ್ಟುಕೊಂಡು ತಟ್ಟೆ ತಳ್ಳಿದಳು. ಅವಳು ಬಾಗೇಪಲ್ಲಿ ಕಡೆಯವಳು, ಬೇಜಾರಾದರೆ ತೆಲುಗು ಬರುತ್ತೆ. "ನಾ ವಲ್ಲ ಕಾದು," ಅಂದಳು, ನನ್ನ ಕೈಲಿ ಆಗಲ್ಲ ಅಂತ. "ದವಡೆ ನೋಯ್ತದೆ. ಬೇಕಾದ್ರೆ ನೀವೇ ತಿನ್ನಿ."

ಉಳಿದದ್ದನ್ನು ತೂಗಿದೆ. ಮುನ್ನೂರು ಗ್ರಾಮಿಗೂ ಮೇಲೆ ಹಾಗೇ ಇತ್ತು. ಅಂದರೆ ಬಾಯಿಗೆ ಒಂದು ಕಟ್ಟುಪಾಡು ಇದೆ. ಅಗಿಯುತ್ತೆ, ದಣಿಯುತ್ತೆ, ಬೇಡ ಅನ್ನುತ್ತೆ. ಗ್ಲಾಸು ಬೇಡ ಅನ್ನುವುದಿಲ್ಲ. ಆ ಪಾಯಸದಂಥ ಸ್ಮೂದಿಯೂ ಅಷ್ಟೇ. ನಾರು ಉಳಿಯಿತು, ನಿಜ. ಆದರೆ ಎರಡು ಬಾಳೆಹಣ್ಣು, ನಾಲ್ಕು ಖರ್ಜೂರ, ಸಪೋಟ, ದ್ರಾಕ್ಷಿ, ಇದನ್ನೆಲ್ಲ ತಟ್ಟೆಯಲ್ಲಿಟ್ಟಿದ್ದರೆ ನನ್ನ ಮಗಳು ಒಂದೇ ಸಲಕ್ಕೆ ತಿನ್ನುತ್ತಿದ್ದಳಾ? ನಾನು ಸೋಸುವುದನ್ನು ನಿಲ್ಲಿಸಿದೆ, ಸುರಿಯುವುದನ್ನು ನಿಲ್ಲಿಸಲಿಲ್ಲ.

ಮಗಳು ಬಾಗಿಲಲ್ಲಿ ನಿಂತು ತಕ್ಕಡಿಯನ್ನೇ ನೋಡುತ್ತಿದ್ದಳು.

"ನಂಗೆ ಒಂದೊಂದ್ ಸಲ ಅನುಮಾನ ಬರ್ತಿತ್ತು ಅಪ್ಪ. ಜ್ಯೂಸ್ ಕುಡಿದ ದಿನ ಬಾಯಾರಿಕೆ ಜಾಸ್ತಿ ಆಗ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ತಾಯಿ?"

"ನೀವು ಮೂರ್ ಮೂರ್ ಸಲ ಸೋಸಿ, ಗ್ಲಾಸು ಒರೆಸಿ ತಂದು ಎದುರಿಗೆ ನಿಂತ್ಕೋತಿದ್ರಿ. ಹೆಂಗ್ ಬೇಡ ಅನ್ನಲಿ?"

ನಾಳೆ ಏನು ಮಾಡಬೇಕು ಅನ್ನುವುದು ಅವತ್ತು ರಾತ್ರಿಯೇ ಗೊತ್ತಾಗಿತ್ತು. ಸುಮ್ಮನೆ ಜ್ಯೂಸು ನಿಲ್ಲಿಸಿಬಿಡಬಹುದಿತ್ತು, ನಂಬರು ಇಳಿದರೆ ಇಳಿಯುತ್ತಿತ್ತು, ಡಾಕ್ಟರಮ್ಮನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಸುಳ್ಳು ಪುಸ್ತಕ ನೋಡಿಕೊಂಡು ನನ್ನ ಮಗಳಿಗೆ ಔಷಧ ಬರೆಯುವವರು. ನಾನು "ಏನೂ ಇಲ್ಲ" ಅಂದದ್ದನ್ನು ವಾಪಸ್ ತಗೊಳ್ಳಲೇಬೇಕಿತ್ತು.

ಬೆಳಿಗ್ಗೆ ಅಂಗಡಿ ತೆಗೆಯದೆ ಚಿಕ್ಕಬಳ್ಳಾಪುರಕ್ಕೆ ಹೋದೆವು. ಚೀಲದಲ್ಲಿ ಅರ್ಧ ಕೆಜಿ ದ್ರಾಕ್ಷಿ, ಜೊತೆಗೆ ಆ ಗ್ಲಾಸು. ಡಾಕ್ಟರಮ್ಮನ ಮೇಜಿನ ಮೇಲೆ ಎರಡನ್ನೂ ಇಟ್ಟೆ. ಕಾಣಿಕೆ ತಂದಿದ್ದಾನೆ ಅಂದುಕೊಂಡರೋ ಏನೋ, "ಅಯ್ಯೋ, ಇದೆಲ್ಲ ಯಾಕೆ," ಅಂದರು.

"ಇಷ್ಟು ಹಣ್ಣು ಈ ಗ್ಲಾಸಲ್ಲಿ ಹೋಗುತ್ತೆ ಡಾಕ್ಟ್ರಮ್ಮ. ದಿನಕ್ಕೆ ಎರಡು ಗ್ಲಾಸು ಕೊಟ್ಟಿದೀನಿ, ಬಂದಾಗಿನಿಂದ. ಬುಕ್ಕಲ್ಲಿ ಬರ್ಸಿಲ್ಲ. ನೀವು ಕೇಳ್ದಾಗ ಇಲ್ಲ ಅಂದೋನು ನಾನೇ. ಅವಳ ತಪ್ಪಲ್ಲ."

ಅವರು ಗ್ಲಾಸನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಮೊನ್ನೆಯಿಂದ ನಾನು ಈ ಬುಕ್ ನೆನೆಸ್ಕೊಂಡು ತಲೆ ಕೆಡಿಸ್ಕೊಂಡಿದೀನಿ, ಯಜಮಾನ್ರೇ."

"ಬೈದ್ಬಿಡಿ ಅಮ್ಮ."

"ಬೈದು ಏನು ಮಾಡ್ಲಿ? ಹೇಳಿದ್ರಲ್ಲ, ಅದೇ ದೊಡ್ಡದು." ಮಗಳ ಕಡೆ ತಿರುಗಿದರು. "ನೋಡಮ್ಮ, ಈ ಶುಗರ್ ಜ್ಯೂಸಿಂದಲೇ ಬಂತು ಅಂತ ಅಲ್ಲ. ಬಸಿರಲ್ಲಿ ಮೈ ಬದಲಾಗುತ್ತೆ, ಅದಕ್ಕೆ ಬರುತ್ತೆ. ಯಾರ ತಪ್ಪೂ ಅಲ್ಲ, ನಿನ್ನ ತಪ್ಪಂತೂ ಅಲ್ವೇ ಅಲ್ಲ. ಆದ್ರೆ ಉರೀತಾ ಇದ್ದಿದ್ದಕ್ಕೆ ನಿಮ್ಮಪ್ಪ ಎಣ್ಣೆ ಹುಯ್ತಾ ಇದ್ರು."

ನಾನು ಕೇಳಬೇಕಾದ್ದನ್ನು ಕೇಳಿಯೇಬಿಟ್ಟೆ. "ಹಂಗಾದ್ರೆ ಯಾವ್ದು ಕೊಡ್ಲಿ ಅಮ್ಮ, ಜ್ಯೂಸಾ, ಸ್ಮೂದಿನಾ?"

"ಎರಡರಲ್ಲಿ ಒಂದು ಅಂದ್ರೆ ಸ್ಮೂದಿನೇ ವಾಸಿ, ನಾರು ಉಳಿಯುತ್ತೆ. ಅದೂ ಅಳತೆ ಮೇಲೆ. ಜೇನು, ಖರ್ಜೂರ ಹಾಕಿದ್ರೆ ಅದೂ ಸಿಹಿನೇ. ನಿಮ್ಮ ಮಗಳಿಗೆ ಹಲ್ಲು ಗಟ್ಟಿ ಇದೆಯಲ್ಲ? ಹಣ್ಣು ಕೈಗೆ ಕೊಡಿ, ಅಗೀಲಿ."

ಮಗಳು ನಕ್ಕಳು. ಆ ಎರಡು ವಾರದಲ್ಲಿ ನಾನು ಕಂಡ ಮೊದಲ ನಗು.

ಅಲ್ಲಿಂದ ಹೊಸ ಕೆಲಸ ಶುರುವಾಯಿತು. ಒಂದು ಹೊತ್ತಿಗೆ ಒಂದೇ ಹಣ್ಣು, ಒಂದೇ ಹಿಡಿ, ಅದೂ ನನ್ನ ಹಿಡಿಯಲ್ಲ, ಅವಳ ಹಿಡಿ. ಬೆಳಿಗ್ಗೆ ಹೊತ್ತು ಹಣ್ಣೇ ಇಲ್ಲ, ಬೆಳಿಗ್ಗೆ ಶುಗರ್ ಬೇಗ ಏರುತ್ತೆ ಅಂದಿದ್ದರು. ಹನ್ನೊಂದು ಗಂಟೆಗೆ ಅರ್ಧ ಸೀಬೆಕಾಯಿ, ಅದೂ ಪೂರ್ತಿ ಹಣ್ಣಾಗದ ದೋರಗಾಯಿ. ಅವಳಿಗೆ ಕುಡಿಯುವ ಆಸೆ ಆದರೆ ಕಾಫಿ ಲೋಟದಲ್ಲಿ ಮುಕ್ಕಾಲು ಭಾಗ ಸ್ಮೂದಿ. ಆರೇಳು ದ್ರಾಕ್ಷಿ, ಬೀಜ ತೆಗೆದದ್ದು, ಸೌತೆಕಾಯಿ ಅರ್ಧ, ಕೆನೆ ತೆಗೆದ ಮೊಸರು, ಪುದೀನ ನಾಲ್ಕು ಎಲೆ, ಚಿಟಿಕೆ ಜೀರಿಗೆ ಪುಡಿ. ಸಿಹಿಗೆ ಏನೂ ಇಲ್ಲ. ಅದನ್ನೂ ಚಮಚದಲ್ಲಿ ತಿನ್ನು ಅಂತ ಕೊಡುತ್ತಿದ್ದೆ, ಗಟಗಟ ಕುಡಿಯಬಾರದು ಅಂತ. ಊಟ ಆದ ಮೇಲೆ ಹತ್ತಿಪ್ಪತ್ತು ನಿಮಿಷ ಅಂಗಳದಲ್ಲಿ ಓಡಾಟ. ಕಬ್ಬಿಣದ ಮಾತ್ರೆಯನ್ನು ನಿಂಬೆನೀರಿನ ಜೊತೆ. ಎಲ್ಲವೂ ಪುಸ್ತಕದಲ್ಲಿ, ಪುದೀನ ಎಲೆ ಕೂಡ.

ನಂಬರು ಸಿನಿಮಾದಲ್ಲಿ ಇಳಿದಂತೆ ಇಳಿಯಲಿಲ್ಲ. ನೂರ ಐವತ್ತು. ನೂರ ನಲವತ್ತೊಂದು. ಮತ್ತೆ ನೂರ ಐವತ್ತೆರಡು, ಅವತ್ತು ಯಾರದೋ ಮನೆಯ ಚಿತ್ರಾನ್ನ. ಹತ್ತನೇ ದಿನ ನೂರ ಇಪ್ಪತ್ತಾರು. ಹನ್ನೆರಡನೇ ದಿನ ನೂರ ಹದಿನೆಂಟು. ಆ ಹದಿನೆಂಟನ್ನು ನಾನು ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಬರೆದೆ. ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ನಂಬರು ಹಟ ಮಾಡಿತು, ಇನ್ಸುಲಿನ್ ಬಂದೇ ಬಂತು, ಮಲಗುವ ಹೊತ್ತಿಗೆ ಒಂದು ಸಣ್ಣ ಸೂಜಿ. ಎಲ್ಲಾ ನಾನೇ ಸರಿ ಮಾಡಿಬಿಟ್ಟೆ ಅಂತ ಎದೆ ತಟ್ಟಿಕೊಳ್ಳಲು ಆಗುವುದಿಲ್ಲ. ಸೂಜಿ ಅದರ ಕೆಲಸ ಮಾಡಿತು. ನಾನು ಅಡ್ಡ ಬರುವುದನ್ನು ಬಿಟ್ಟೆ, ಅಷ್ಟೇ.

ಈ ಮಧ್ಯೆ ಅಂಗಡಿಯಲ್ಲಿ ಒಂದು ಬಾಕಿ ಇತ್ತು. ರಿಟೈರಾದ ಮೇಷ್ಟ್ರೊಬ್ಬರು ದಿನಾ ಹನ್ನೊಂದು ಗಂಟೆಗೆ ಬರುವವರು. ಅವರಿಗೆ ಶುಗರ್. ಸಕ್ಕರೆ ಹಾಕದ ದ್ರಾಕ್ಷಿ ಜ್ಯೂಸು, ದೊಡ್ಡ ಗ್ಲಾಸು, ನಾಲ್ಕು ವರ್ಷದಿಂದ. ಆಸ್ಪತ್ರೆಗೆ ಹೋಗಿಬಂದ ಮಾರನೇ ದಿನ ಅವರು ಬಂದು ಬೆಂಚಿನ ಮೇಲೆ ಕೂತರು. ನಾನು ಹಣ್ಣು ಬಿಡಿಸಲಿಲ್ಲ.

"ಏನಯ್ಯ, ನಂದು ರೆಡಿ ಇಲ್ವಾ?"

"ಮೇಷ್ಟ್ರೇ, ಇನ್ಮೇಲೆ ಅದು ಬೇಡ ನಿಮ್ಗೆ."

"ಅದ್ಯಾಕೆ? ದ್ರಾಕ್ಷಿ ಮುಗೀತಾ?"

ಹೇಳಿದೆ. ಮಗಳ ವಿಚಾರ, ಅರ್ಧ ಕೆಜಿ ವಿಚಾರ, ಎಲ್ಲಾ. ಅವರ ಮುಖ ಕೆಂಪಾಯಿತು.

"ಬೋರ್ಡಲ್ಲಿ ಬರ್ದಿದೀಯಲ್ಲಯ್ಯ, ಶುಗರ್ ಇರೋರೂ ಕುಡೀಬೋದು ಅಂತ! ನಾನು ಮೂವತ್ತು ವರ್ಷ ಮಕ್ಕಳಿಗೆ ಓದು ಕಲ್ಸಿದೋನು, ಬೋರ್ಡ್ ಓದ್ಕೊಂಡೇ ಕುಡಿದೆ. ಇಂಥಾ ಮಾತು ಬರೆಯೋಕೆ ನೀನೇನು ಡಾಕ್ಟ್ರಾ?"

"ಅಲ್ಲ ಮೇಷ್ಟ್ರೇ. ತಪ್ಪಾಯ್ತು."

ಅವರು ಎದ್ದು ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, ಈ ಸಲ ಮೆಲ್ಲಗೆ ಅಂದರು, "ಸುಮಾರು ದಿನದಿಂದ ಪಾದ ಜೋಮು ಹಿಡೀತಿದೆ ಕಣಯ್ಯ. ವಯಸ್ಸಾಯ್ತು ಅಂದ್ಕೊಂಡಿದ್ದೆ."

ಅವರು ಕಣ್ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಸ್ಟೂಲು ಹತ್ತಿ ಆ ಸಾಲನ್ನು ಕೆರೆದೆ. ಎಣ್ಣೆ ಬಣ್ಣ, ಬೇಗ ಬಿಡಲಿಲ್ಲ. ಚಾಕು ಮೊಂಡಾಯಿತು. ಎಷ್ಟು ಕೆರೆದರೂ "ಕುಡಿಯಬಹುದು" ಅನ್ನುವ ಪದದ ನೆರಳು ಉಳಿಯಿತು. ಕೊನೆಗೆ ಅದರ ಮೇಲೆ ಸುಣ್ಣ ಬಳಿದೆ. ಆಮೇಲೆ ನೆನಪಿದ್ದ ಶುಗರಿನ ಗಿರಾಕಿಗಳಿಗೆಲ್ಲ, ಬಂದವರಿಗೆ ಬಂದ ಹಾಗೆ, ಅದೇ ಕಥೆ ಹೇಳಿದೆ. ಕೆಲವರು ಪಕ್ಕದ ಅಂಗಡಿಗೆ ಹೋದರು. ಹೋಗಲಿ ಅಂತ ಬಾಯಲ್ಲಿ ಅಂದೆ, ರಾತ್ರಿ ಗಲ್ಲಾ ಎಣಿಸುವಾಗ ಅವರ ಲೆಕ್ಕವನ್ನೂ ಹಾಕಿದೆ.

ದಿನ ತುಂಬುವುದಕ್ಕೆ ಸ್ವಲ್ಪ ಮುಂಚೆಯೇ ಡಾಕ್ಟರಮ್ಮ ಸೇರಿಸಿಕೊಂಡು ನೋವು ಬರಿಸಿದರು. ಮಧ್ಯಾಹ್ನ ಮೂರೂವರೆಗೆ ಹೆಣ್ಣು ಮಗು. ಮೂರು ಕೆಜಿ ನೂರು ಗ್ರಾಂ. ತೂಕ ಕೇಳಿದ ತಕ್ಷಣ ಹೆಂಡತಿ ಅತ್ತಳು, ಅಳಿಯ ಕಾರಿಡಾರಿನಲ್ಲೇ ನನ್ನ ಕಾಲು ಮುಟ್ಟಿದ. ನಾನು ಮಾತ್ರ ಅಲ್ಲಾಡಲಿಲ್ಲ. ಇನ್ನೊಂದು ನಂಬರು ಬಾಕಿ ಇತ್ತು. ಮಗುವಿನ ಹಿಮ್ಮಡಿ ಚುಚ್ಚಿ ಶುಗರ್ ನೋಡುತ್ತಾರೆ ಅಂದಿದ್ದರು, ಒಂದು ಸಲ ಅಲ್ಲ, ಗಂಟೆಗಟ್ಟಲೆ ಬಿಟ್ಟು ಬಿಟ್ಟು. ಬಾಗಿಲ ಸಂದಿಯಲ್ಲಿ ಆ ಹಿಮ್ಮಡಿ ಕಂಡಿತು, ಒಂದು ನೀಲಿ ದ್ರಾಕ್ಷಿಯಷ್ಟೇ ಇತ್ತು. ಸಿಸ್ಟರಮ್ಮ ಸೂಜಿ ಹಿಡಿದರು. ಮಗು ಆಸ್ಪತ್ರೆಯೇ ಹಾರಿಹೋಗುವಂತೆ ಕಿರುಚಿತು.

"ನಾರ್ಮಲ್ ಇದೆ ತಾತ," ಅಂದರು ಸಿಸ್ಟರಮ್ಮ ಹೊರಗೆ ಬಂದು. "ಎದೆಹಾಲು ಕುಡೀತಿದೆ. ಇನ್ನೂ ಎರಡು ಮೂರು ಸಲ ನೋಡ್ತೀವಿ, ಆದ್ರೆ ಭಯ ಬೇಡ. ಗಂಟಲು ಮಾತ್ರ ಜೋರಾಗಿದೆ ಕಣ್ರೀ ನಿಮ್ಮ ಮೊಮ್ಮಗಳದ್ದು!"

ತಾತ. ಆ ಪದ ಕಿವಿಗೆ ಬಿದ್ದದ್ದೇ ತಡ, ನನಗೆ ಕಾಲು ನಿಲ್ಲಲಿಲ್ಲ. ಕೆಳಗೆ ಓಡಿ ಹೋಗಿ ಗೇಟಿನ ಹತ್ತಿರ ಹಣ್ಣು ಮಾರುತ್ತಿದ್ದವಳ ಬುಟ್ಟಿಯಲ್ಲಿದ್ದ ಸೀಬೆಕಾಯಿ ಅಷ್ಟನ್ನೂ ತಂದು ವಾರ್ಡಿಗೆಲ್ಲ ಹಂಚಿದೆ. ಸಿಹಿ ಯಾಕೆ ತರಲಿಲ್ಲ ಅಂತ ಒಬ್ಬರು ಕೇಳಿದರು. ನಾನು ಜ್ಯೂಸಿನವನು, ಇನ್ಮೇಲೆ ಸಿಹಿ ವಿಚಾರದಲ್ಲಿ ಹುಷಾರು ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಉಳಿದ ಸಲ ನೋಡಿದಾಗಲೂ ಮಗುವಿನ ನಂಬರು ಸರಿಯಾಗೇ ಇತ್ತು. ಮಗಳಿಗೆ ಇನ್ಸುಲಿನ್ ನಿಂತಿತು, ಆರು ವಾರದ ಮೇಲೆ ಮಾಡಿಸಿದ ಪರೀಕ್ಷೆಯೂ ಸರಿ ಬಂತು. ಆದರೂ ವರ್ಷಕ್ಕೊಂದು ಸಲ ನೋಡಿಸಿಕೊಳ್ಳಬೇಕು.

ಅಂಗಡಿ ಇದೆ. ಸೋಸಿದ ಜ್ಯೂಸು ಈಗಲೂ ಮಾರುತ್ತೇನೆ, ಬಾಯಿ ಒಣಗಿ ಬಂದವರಿಗೆ, ಚಿಕ್ಕ ಗ್ಲಾಸಿನಲ್ಲಿ. ದೊಡ್ಡ ಗ್ಲಾಸುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಮೊಸರು ಸೌತೆಕಾಯಿಯ ಗಟ್ಟಿ ಲೋಟ ಉಂಟು, ಹೆಚ್ಚಿದ ಹಣ್ಣಿನ ಬಟ್ಟಲು ಉಂಟು. ಶುಗರ್ ಅಂದವರಿಗೆ ಮೊದಲು ನಿಮ್ಮ ಡಾಕ್ಟ್ರನ್ನ ಕೇಳಿ ಅನ್ನುತ್ತೇನೆ. ಮೇಷ್ಟ್ರು ಎರಡು ತಿಂಗಳು ಬರಲಿಲ್ಲ. ಆಮೇಲೆ ಬಂದರು, ಊರುಗೋಲು ಇತ್ತು, ಮುಖ ಗೆಲುವಾಗಿತ್ತು. ಸೀಬೆಕಾಯಿ ಬಟ್ಟಲು ತಗೊಂಡು, "ಅಗಿಯೋಕೆ ಹಲ್ಲಿಲ್ಲದೋನಿಗೆ ಇದು ಶಿಕ್ಷೆ ಕಣಯ್ಯ," ಅಂತ ಗೊಣಗುತ್ತಲೇ ಮುಗಿಸಿದರು. ಹಸುವಿನ ಹೆಂಗಸು ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ. ಅವಳ ಲಕ್ಷ್ಮಿ ಸೊರಗಿದ್ದಾಳಂತೆ.

ಮೊನ್ನೆ ಮೊಮ್ಮಗಳಿಗೆ ಹಣ್ಣು ತಿನ್ನಿಸಲು ಶುರು ಮಾಡಿದೆವು. ಪಕ್ಕದ ಮನೆಯವರು "ತಾತ ಜ್ಯೂಸ್ ಅಂಗ್ಡಿಯೋರು, ಮಗೂಗೆ ದ್ರಾಕ್ಷಿ ರಸ ಬಿಡಿ," ಅಂದರು. ನನ್ನ ಹೆಂಡತಿ ನನ್ನ ಕಡೆ ಓರೆಗಣ್ಣಲ್ಲಿ ನೋಡಿದಳು. ನಾನು ಅರ್ಧ ಬಾಳೆಹಣ್ಣು ತಗೊಂಡು ಬೆಳ್ಳಿ ಬಟ್ಟಲಿನಲ್ಲಿ ಬೆರಳಿನಿಂದಲೇ ಹಿಸುಕಿದೆ. ಮಿಕ್ಸಿ ಇಲ್ಲ, ಜರಡಿ ಇಲ್ಲ, ಪಂಚೆ ಬಟ್ಟೆ ಇಲ್ಲ. ಮಗಳು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಳು.

ಮೊದಲನೇ ಚಮಚಕ್ಕೆ ಮೊಮ್ಮಗಳು ಕಣ್ಣು ಅಗಲ ಮಾಡಿದಳು. ಎರಡನೆಯದನ್ನು ಆ ಎರಡು ಹಲ್ಲಿನಲ್ಲಿ ಚಮಚ ಕಚ್ಚಿ ಹಿಡಿದು ಬಿಡಲೇ ಇಲ್ಲ. ಮೂರನೆಯದನ್ನು ಬಹಳ ಹೊತ್ತು ಬಾಯಲ್ಲೇ ಹೊರಳಿಸಿದಳು. ನಾಲ್ಕನೆಯದನ್ನು ತುಟಿಯ ಹತ್ತಿರ ಒಯ್ದೆ. ಬಟ್ಟಲಲ್ಲಿ ಇನ್ನೂ ಅರ್ಧ ಇತ್ತು. ನಾನೇ ಹಿಸುಕಿದ್ದು, ಚೂರೂ ಗಂಟಿಲ್ಲದಂತೆ. ಅವಳು ಮುಖವನ್ನು ಆ ಕಡೆ ತಿರುಗಿಸಿದಳು.

ನಾನು ಚಮಚ ಕೆಳಗಿಟ್ಟೆ.

"ಇನ್ನೊಂದು ತುತ್ತು ನೋಡಿ ಅಪ್ಪ," ಅಂದಳು ಮಗಳು, ನನ್ನ ಮುಖ ನೋಡಿ, ನನಗೆ ಬೇಜಾರಾಯಿತೇನೋ ಅಂತ.

"ಬೇಡ ಕಣಮ್ಮ," ಅಂದೆ. "ಅವಳು ಸಾಕು ಅಂದ್ಳು."